ತಾಪಚೋರನೂ ಇನ್ನೂರು ಇಡ್ಲಿಯೂ

"ಅತ್ತಿಗೆ, ಕಣ್ಣು ಮುಚ್ಚಿ!"

"ಮುಚ್ಚಿದರೆ ನಿಂತಲ್ಲೇ ನಿದ್ದೆ ಬಂದು ಬೀಳುತ್ತೇನೆ ಪುಂಡಲೀಕ. ಬಿಟ್ಟುಕೊಂಡೇ ನೋಡುತ್ತೇನೆ, ತೋರಿಸು."

ಮೈದುನ ಬೇಸರಪಡಲಿಲ್ಲ. ಟೀಪಾಯಿಯ ಮೇಲೆ ಹೊದಿಸಿದ್ದ ಲುಂಗಿಯನ್ನು, ಮಂತ್ರಿಗಳು ಶಿಲಾಫಲಕದ ಪರದೆ ಸರಿಸುವ ಠೀವಿಯಲ್ಲಿ ಎಳೆದ. ಒಳಗಿದ್ದದ್ದು ಒಂದು ಪ್ರೆಶರ್ ಕುಕ್ಕರ್! ವಿಸಲ್ ಇರಬೇಕಾದಲ್ಲಿ ಒಂದು ಸ್ವಿಚ್ಚು. ಹೊಟ್ಟೆಯಿಂದ ಹೊರಬಂದ ಒಂದು ತಾಮ್ರದ ಕೊಳವೆ ಹಾಲ್ ದಾಟಿ ಬಚ್ಚಲುಮನೆಯ ಕಡೆಗೆ ಹೋಗಿತ್ತು.

"ಇದರ ಹೆಸರು ತಾಪಚೋರ!"

"ಇದು ನನ್ನ ಕುಕ್ಕರ್. ರಂಜಾನ್ ರಜೆಯಿಂದ ಹುಡುಕುತ್ತಿದ್ದೇನೆ. ಚೋರ ಯಾರೆಂದು ಈಗ ಗೊತ್ತಾಯಿತು."

ಹೊರಗೆ ಅರಬ್ ನಾಡಿನ ಬುರೈಮಿಯ ಜುಲೈ. ಮರಳುಗಾಡಿನ ಗಾಳಿ ಕಿಟಕಿಯ ಸಂದಿನಿಂದ ಒಲೆಯ ಬಾಯಿಯ ಹಾಗೆ ಉಸಿರು ಬಿಡುತ್ತಿತ್ತು. ಬೆಳಿಗ್ಗೆ ಮನೆಯ ಏಸಿ ಒಮ್ಮೆ ಕೆಮ್ಮಿ, ಒಮ್ಮೆ ನಡುಗಿ, ಪ್ರಾಣ ಬಿಟ್ಟಿತ್ತು. ಮಲಯಾಳಿಯ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, "ಇವತ್ತು ಶುಕ್ರವಾರ ಚೇಚಿ, ರಜೆ. ಬುಕ್ರಾ, ಇನ್ಶಾಲ್ಲಾ" ಎಂಬ ಉತ್ತರ. ಚೇಚಿ ಎಂದರೆ ಅಕ್ಕ, ಬುಕ್ರಾ ಎಂದರೆ ನಾಳೆ. ಯಾವ ದಿನದ ನಾಳೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

"ನೀನೇ ಏಸಿ ಮೆಕ್ಯಾನಿಕ್ ಅಲ್ಲವಾ ಮಾರಾಯ! ದಿನಾ ಮಾಲ್‌ನಲ್ಲಿ ಆನೆಗಾತ್ರದ ಏಸಿ ಬಿಚ್ಚಿ ಜೋಡಿಸುತ್ತಿ. ಈ ಡಬ್ಬವನ್ನು ರಿಪೇರಿ ಮಾಡಲಿಕ್ಕೆ ಎಂತ ರೋಗ ನಿನಗೆ?"

"ರಿಪೇರಿ ಯಾರು ಬೇಕಾದರೂ ಮಾಡುತ್ತಾರೆ ಅತ್ತಿಗೆ! ನಾನು ಏಸಿ ಎಂಬುದನ್ನೇ ಇತಿಹಾಸಕ್ಕೆ ಸೇರಿಸಲು ಹೊರಟಿದ್ದೇನೆ!"

ಯಶೋದೆಗೆ ಇತಿಹಾಸ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಸಂಜೆಯವರೆಗೆ ತಂಪು, ಅಷ್ಟೇ. ಅದಕ್ಕೆ ಕಾರಣ ಅವಳದೇ ಬಾಯಿ. ಕಳೆದ ವರ್ಷ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹೋಟೆಲಿನಿಂದ ತರಿಸಿದ್ದ ಇಡ್ಲಿ ತಟ್ಟೆಗೆ ಬಿದ್ದರೆ ಟಣ್ ಎನ್ನುತ್ತಿತ್ತು. ತುಂಬಿದ ಸಭೆಯಲ್ಲಿ ಎದ್ದು ನಿಂತು, "ಮುಂದಿನ ವರ್ಷ ಇನ್ನೂರು ಇಡ್ಲಿ ನಾನು ಮಾಡುತ್ತೇನೆ. ಹೂವಿನ ಹಾಗಿಲ್ಲದಿದ್ದರೆ ಹೇಳಿ" ಎಂದುಬಿಟ್ಟಿದ್ದಳು. ಆ ಮುಂದಿನ ವರ್ಷ ಇವತ್ತು ಬಂದಿತ್ತು. ಕಾರ್ಯಕ್ರಮ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ, ಸಂಜೆ. ಸಂಘದ ಅಧ್ಯಕ್ಷ ವಾದಿರಾಜ ಹೆಬ್ಬಾರರು ಬೆಳಿಗ್ಗಿನಿಂದ ಆಗಲೇ ಹಲವು ಸಲ ಫೋನ್ ಮಾಡಿ, "ಹೂವು ಹೇಗುಂಟು ಯಶೋದಮ್ಮ?" ಎಂದು ಕೇಳಿ ನಕ್ಕಿದ್ದರು. ಆ ನಗು ಅವಳನ್ನು ಕುಳಿತಲ್ಲಿ ಕೂರಗೊಡುತ್ತಿರಲಿಲ್ಲ.

ರುಬ್ಬಿದ ಹಿಟ್ಟೆಲ್ಲ ಸಂಘದ ಕೊಪ್ಪರಿಗೆಯಲ್ಲಿತ್ತು. ಈ ಸೆಕೆಗೆ ಹಿಟ್ಟನ್ನು ಹೊರಗಿಟ್ಟರೆ ಮಧ್ಯಾಹ್ನಕ್ಕೇ ಹುಳಿ ಬಂದು ಕೆಟ್ಟುಹೋಗುತ್ತದೆ. ಕೊಪ್ಪರಿಗೆ ಹಿಡಿಸುವಷ್ಟು ದೊಡ್ಡ ಫ್ರಿಜ್ಜು ಯಾರ ಮನೆಯಲ್ಲೂ ಇಲ್ಲ. ಅದಕ್ಕೆ ಹಿಟ್ಟು ಹಾಕುವ ಮೊದಲೇ ಬರೀ ಕೊಪ್ಪರಿಗೆಯನ್ನು ಮಗ್ಗುಲಾಗಿಸಿ ಬಚ್ಚಲುಮನೆಯ ಬಾಗಿಲು ತೂರಿಸಿ, ಬಾತ್‌ಟಬ್ಬಿನೊಳಗೆ ಕೂರಿಸಿ, ಅಲ್ಲೇ ಹಿಟ್ಟು ಸುರಿದು, ಮುಚ್ಚಳ ಹಾಕಿ, ಸುತ್ತ ತಣ್ಣೀರು ತುಂಬಿಸಿದ್ದಳು. ನಲ್ಲಿಯನ್ನು ಸಣ್ಣಗೆ ತೆರೆದೇ ಇಟ್ಟಿದ್ದಳು. ಹತ್ತು ನಿಮಿಷಕ್ಕೊಮ್ಮೆ ಹೋಗಿ ನೀರು ಮುಟ್ಟಿ ನೋಡುವುದು, ಬಂದು ಕಾಯಿ ತುರಿಯುವುದು, ಮತ್ತೆ ಹೋಗುವುದು. ಮಗಳು ಶರ್ವಾಣಿ ಬೆವರುಸಾಲೆ ಕೆರೆದುಕೊಳ್ಳುತ್ತ, "ಅಮ್ಮ, ನೀನು ಒಂದು ಕಡೆ ನಿಲ್ಲು, ನನಗೆ ತಲೆ ತಿರುಗುತ್ತದೆ" ಎಂದು ದೂರಿದ್ದಳು.

"ಇದು ಗಾಳಿಯಲ್ಲಿರುವ ತಾಪವನ್ನು ಕದಿಯುತ್ತದೆ ಅತ್ತಿಗೆ. ಗ್ಯಾಸ್ ಬೇಡ, ಕಂಪ್ರೆಸರ್ ಬೇಡ, ಕರೆಂಟೂ ಬೇಡ! ಒಮ್ಮೆ ಸ್ವಿಚ್ಚು ಒತ್ತಿದರೆ ಸಾಕು. ಆಮೇಲೆ ಕದ್ದ ತಾಪದಿಂದಲೇ ಓಡುತ್ತದೆ. ಈ ಬೂದು ಗುಂಡಿ ಉಂಟಲ್ಲ, ಇದು ಅದರ ನಾಲಿಗೆ. ಇದನ್ನು ಎಲ್ಲಿ ಅಂಟಿಸುತ್ತೇವೋ ಅಲ್ಲಿ ಸೆಕೆ ಇರುವವರೆಗೆ ತಾಪಚೋರ ಬಿಡುವುದಿಲ್ಲ."

ಬಿಸಿಲು ಬೀಳದ ಜಾಗ ಅಂದರೆ ಅದೇ ಎಂದು, ಗುಂಡಿಯನ್ನು ಬಚ್ಚಲುಮನೆಯ ಬಾಗಿಲ ಚೌಕಟ್ಟಿಗೆ ಅಂಟಿಸಿ ಬಂದ. ಸ್ವಿಚ್ಚು ಒತ್ತಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಯಶೋದೆಯ ಕುತ್ತಿಗೆಯ ಬೆವರು ತಣ್ಣಗಾಯಿತು. ಆಮೇಲೆ ಒಣಗಿತು. ಶರ್ವಾಣಿ ಕೆರೆಯುವುದನ್ನು ನಿಲ್ಲಿಸಿದಳು. ಊರಿನ ಡಿಸೆಂಬರ್ ಬೆಳಗು ಕದ ತಟ್ಟದೆಯೇ ಒಳಗೆ ಬಂದ ಹಾಗಾಯಿತು!

"ಹೇಗುಂಟು?" ಪುಂಡಲೀಕನ ಹುಬ್ಬು ತಲೆಗೂದಲನ್ನು ಮುಟ್ಟಿತ್ತು.

ಯಶೋದಾ ಬೆಳಿಗ್ಗಿನಿಂದ ಮೊದಲ ಬಾರಿಗೆ ಸೋಫಾದಲ್ಲಿ ಕೂತಳು. "ಪರವಾಗಿಲ್ಲ ಮಾರಾಯ. ಕುಕ್ಕರ್ ಕದ್ದದ್ದಕ್ಕೆ ಅರ್ಧ ಮಾಫಿ."

ಆದರೆ ಆ ನೆಮ್ಮದಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ನಿಜಕ್ಕೂ ಕುಡಿಯಲಾಗಲಿಲ್ಲ, ಕಾಫಿಯ ಮೇಲೆ ಮಂಜಿನ ಕೆನೆ ಕಟ್ಟಿತ್ತು! ಶರ್ವಾಣಿ ತಲೆಗೆ ಹಚ್ಚಲು ತಂದ ತೆಂಗಿನೆಣ್ಣೆಯ ಬಾಟಲಿಯನ್ನು ಬೋರಲು ಹಿಡಿದಳು. ಒಂದು ಹನಿಯೂ ಇಳಿಯಲಿಲ್ಲ. ಮರಳುಗಾಡಿನ ಜುಲೈಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿತ್ತು.

"ಅಮ್ಮ, ಸ್ವೆಟರ್ ಎಲ್ಲುಂಟು?"

"ನಿನಗೆ ಸ್ವೆಟರೇ ಇಲ್ಲ ಮಗಾ. ಯಾಕಿರಬೇಕು ಇಲ್ಲಿ?"

ಅಷ್ಟರಲ್ಲಿ ಬಾಗಿಲು ತೆರೆದು ಗಂಡ ದಾಮೋದರ ಒಳಗೆ ಬಂದ. ಕಂಪನಿಯ ಬಸ್ಸು ಓಡಿಸಿ, ಬಾಡಿದ ಬಸಳೆಯ ಹಾಗಾಗಿದ್ದ. ಕನ್ನಡಕದ ಮೇಲೆ ಫಳಕ್ಕನೆ ಮಂಜು ಕೂತಿತು.

"ಕ್ಷಮಿಸಿ, ಮನೆ ತಪ್ಪಿತು" ಎಂದು ತಿರುಗಿ ಹೊರಟ.

"ರೀ, ಬನ್ನಿ ಒಳಗೆ! ಇದೇ ಮನೆ. ನಿಮ್ಮ ತಮ್ಮ ಅದನ್ನು ಕಾಶ್ಮೀರಕ್ಕೆ ಸಾಗಿಸಿದ್ದಾನೆ."

ದಾಮೋದರ ಕನ್ನಡಕ ತೆಗೆದು, ಹಾಲ್‌ನ ಮಧ್ಯೆ ನಿಂತು, ಎರಡೂ ಕೈ ಅಗಲಿಸಿ ಒಂದು ಉಸಿರೆಳೆದ. ನಂತರ ಕಂಬಳಿ ಹುಡುಕಿ ತಂದು, ಹೊದ್ದುಕೊಂಡು, ಸೋಫಾದಲ್ಲಿ ಕಾಲು ಚಾಚಿದ. "ಏನೇ, ಬಿಸಿಬಿಸಿ ಕಾಫಿ" ಎಂದ. ಈ ದೇಶಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಅವನು ಜುಲೈ ತಿಂಗಳಲ್ಲಿ ಬಿಸಿಯಾದದ್ದೇನನ್ನೂ ಕೇಳಿರಲಿಲ್ಲ.

ಬಿಸಿ ಎಂದದ್ದೇ ಯಶೋದೆಯ ತಲೆಯಲ್ಲಿ ಏನೋ ಚುರುಕ್ಕೆಂದಿತು.

"ಪುಂಡಲೀಕ, ಕದ್ದ ತಾಪವನ್ನು ಎಲ್ಲಿಡುತ್ತಿ?"

"ಅದೇ ಅಲ್ಲವಾ ನನ್ನ ಬುದ್ಧಿ! ಬೇರೆಯವರ ಏಸಿ ತಾಪವನ್ನು ಬೀದಿಗೆ ಚೆಲ್ಲುತ್ತದೆ. ನಾನು ದಂಡ ಮಾಡುವುದಿಲ್ಲ. ನೇರ ನಿಮ್ಮ ಗೀಸರಿಗೆ! ಕೆಂಪು ನಲ್ಲಿಯಲ್ಲಿ ಬಿಟ್ಟಿ ಬಿಸಿನೀರು!"

ಯಶೋದಾ ಹೌಹಾರಿದಳು.

ಈ ದೇಶದಲ್ಲಿ ಸಂಸಾರ ಹೂಡಿದ ಯಾರನ್ನಾದರೂ ಕೇಳಿ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿ ಕಾದು ನೀಲಿ ನಲ್ಲಿಯಲ್ಲಿ ಕುದಿನೀರೇ ಬರುತ್ತದೆ. ಗೀಸರ್ ಮನೆಯೊಳಗೆ ನೆರಳಿನಲ್ಲಿರುತ್ತದೆ. ಅದಕ್ಕೇ ಏಪ್ರಿಲ್ ಬಂತೆಂದರೆ ಎಲ್ಲರೂ ಅದರ ಸ್ವಿಚ್ಚು ಆರಿಸಿ, ಅದನ್ನೇ ತಣ್ಣೀರಿನ ಹಂಡೆ ಮಾಡಿಕೊಳ್ಳುತ್ತಾರೆ. ಬೇಸಿಗೆ ಮುಗಿಯುವವರೆಗೆ ಕೆಂಪು ನಲ್ಲಿಯೇ ತಣ್ಣೀರು, ನೀಲಿಯೇ ಬಿಸಿನೀರು! ಪುಂಡಲೀಕನಿಗೆ ಮಾತ್ರ ಇದು ಗೊತ್ತಿರಲಿಲ್ಲ. ಅವನ ಬ್ಯಾಚುಲರ್ ರೂಮಿನಲ್ಲಿ ಗೀಸರೂ ಇಲ್ಲ, ಎರಡನೆಯ ನಲ್ಲಿಯೂ ಇಲ್ಲ.

"ಪಾಪಿ! ಕೆಂಪು ನಲ್ಲಿಯ ನೀರಿನಲ್ಲೇ ನನ್ನ ಹಿಟ್ಟು ಕೂತಿರುವುದು!"

ಬಚ್ಚಲುಮನೆಯಿಂದ ಗುಳುಗುಳು ಸದ್ದು ಬರುತ್ತಿತ್ತು. ಬಾಗಿಲು ತಳ್ಳಿದರೆ ಒಳಗೆ ಹಬೆಯೋ ಹಬೆ. ಟಬ್ಬಿನ ನೀರು ತಕತಕ ಕುದಿಯುತ್ತಿತ್ತು, ಕೊಪ್ಪರಿಗೆಯ ಮುಚ್ಚಳ ತಾಳ ಹಾಕುತ್ತಿತ್ತು.

"ತಣ್ಣೀರು ಬಿಡೋಣ!" ಎಂದು ಪುಂಡಲೀಕ ನೀಲಿ ನಲ್ಲಿಯನ್ನು ಪೂರ್ತಿ ತಿರುಗಿಸಿದ.

"ಅಯ್ಯೋ ಅದು ಬೇಡವೋ!"

ತಾರಸಿಯ ಕುದಿನೀರು ಧಾರೆಯಾಗಿ ಟಬ್ಬಿಗೆ ಇಳಿಯಿತು. ಪುಂಡಲೀಕ ಒಂದೇ ನೆಗೆತಕ್ಕೆ ಹಾಲ್‌ಗೆ ಬಂದು, ಸುಟ್ಟ ಬೆರಳಿಗೆ ಉಫ್ ಉಫ್ ಎಂದು ಊದಿದ.

"ಯಂತ್ರ ಆರಿಸು ಮೊದಲು!"

ಸ್ವಿಚ್ಚಿನ ಮೇಲೆ ನಿಂಬೆಗಾತ್ರದ ಮಂಜುಗಡ್ಡೆ! ಸ್ಪ್ಯಾನರಿನಲ್ಲಿ ಕುಟ್ಟಿದ, ಉಗುರಿನಲ್ಲಿ ಕೆರೆದ, ಬಾಯಿಂದ ಊದಿದ. ಊದಿದ ಉಸಿರೂ ಅಲ್ಲೇ ಹೆಪ್ಪುಗಟ್ಟಿತು.

"ಪ್ಲಗ್ ಕಿತ್ತು ಬಿಸಾಡೋ!" ಎಂದ ದಾಮೋದರ ಕಂಬಳಿಯೊಳಗಿಂದ.

"ಪ್ಲಗ್ಗೇ ಇಲ್ಲಣ್ಣ! ಅದೇ ಅಲ್ಲವಾ ಇದರ ವಿಶೇಷ!"

"ವಿಶೇಷ ಹಾಳಾಗಲಿ!" ಎಂದಳು ಯಶೋದಾ. "ಹೋಗಲಿ, ಯಾಕೆ ನಿಲ್ಲುತ್ತಿಲ್ಲ ಇದು? ಮನೆಯೆಲ್ಲ ಹೆಪ್ಪುಗಟ್ಟಿದ ಮೇಲೂ ಇದಕ್ಕೆ ಇನ್ನೆಂತ ಸೆಕೆ?"

ಆಗ ಪುಂಡಲೀಕನ ಮುಖ ಇಳಿಯಿತು. ಬಾಗಿಲ ಚೌಕಟ್ಟಿನಲ್ಲಿದ್ದ ಬೂದು ನಾಲಿಗೆಗೆ ಬಚ್ಚಲಿನ ಹಬೆ ನೇರ ಬಡಿಯುತ್ತಿತ್ತು. ಮನೆ ಇನ್ನೂ ಬೇಯುತ್ತಿದೆ ಎಂದು ತಿಳಿದ ಯಂತ್ರ ಹಾಲ್‌ನ ತಾಪವನ್ನು ಇನ್ನಷ್ಟು ಕದಿಯುತ್ತಿತ್ತು. ಕದ್ದದ್ದನ್ನೆಲ್ಲ ಟಬ್ಬಿಗೆ ಸುರಿಯುತ್ತಿತ್ತು. ಟಬ್ಬು ಇನ್ನಷ್ಟು ಹಬೆ ಬಿಡುತ್ತಿತ್ತು. ಆ ಹಬೆ ಹಾಲ್‌ಗೆ ಬಂದದ್ದೇ ತಡ, ನೆಲದ ಟೈಲ್ಸಿನ ಮೇಲೆ ಗಾಜಿನ ಹಾಗೆ ಮಂಜಾಗಿ ಕೂರುತ್ತಿತ್ತು. ಶರ್ವಾಣಿ ಸೊಂಯ್ ಎಂದು ಜಾರಿ ಅಡುಗೆಮನೆಯವರೆಗೆ ಹೋಗಿ, "ಅಪ್ಪ, ಮತ್ತೊಮ್ಮೆ!" ಎಂದು ತಿರುಗಿ ಬಂದಳು.

"ನಾಲಿಗೆಯ ಲೆಕ್ಕಾಚಾರ ಸ್ವಲ್ಪ ತಿದ್ದಬೇಕು ಅತ್ತಿಗೆ. ಲ್ಯಾಪ್‌ಟಾಪ್ ತಂದು, ಪ್ರೋಗ್ರಾಂ ಬರೆದು..."

ಯಶೋದಾ ಕಾಯಲಿಲ್ಲ. ಸೆರಗನ್ನು ಮೂಗಿಗೆ ಸುತ್ತಿ, ಹಬೆಯೊಳಗೆ ನುಗ್ಗಿ, ಚೌಕಟ್ಟಿನಿಂದ ಗುಂಡಿಯನ್ನು ಕಿತ್ತಳು. ತಂದು, ಹೆಪ್ಪುಗಟ್ಟುತ್ತಿದ್ದ ಕಾಫಿಯ ಲೋಟಕ್ಕೆ ಒತ್ತಿದಳು. ತಾಪಚೋರ ಒಮ್ಮೆ ತೇಗಿ ಸುಮ್ಮನಾಯಿತು.

ಅದೇ ಗಳಿಗೆಗೆ ಬಚ್ಚಲಿನೊಳಗೆ ಢಮ್! ಕೊಪ್ಪರಿಗೆಯ ಮುಚ್ಚಳ ಹಾರಿ ಚಾವಣಿಗೆ ಬಡಿದಿತ್ತು.

ಹಬೆ ತಿಳಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾಲ್ವರೂ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಟಬ್ಬಿನಲ್ಲಿ ಕೊಪ್ಪರಿಗೆ. ಕೊಪ್ಪರಿಗೆಯ ಮೇಲೆ, ಶವರಿನ ತಲೆಯನ್ನು ಮುಟ್ಟುವಂತೆ, ಗೋಲಗುಮ್ಮಟದ ಹಾಗೆ ದುಂಡಗೆ, ಬೆಳ್ಳಗೆ, ಒಂದೇ ಒಂದು ಇಡ್ಲಿ!

ಪುಂಡಲೀಕ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅತ್ತಿಗೆಯ ಕಣ್ಣು ಕಂಡು ಅದನ್ನು ಅಲ್ಲೇ ಇಟ್ಟು, ಅಡುಗೆಮನೆಯಿಂದ ಉದ್ದದ ಚಾಕು ತಂದು ಚುಚ್ಚಿ ಹೊರಗೆಳೆದ. ಹಿಟ್ಟು ಅಂಟಿರಲಿಲ್ಲ.

"ಅತ್ತಿಗೆ," ಎಂದ ಪಿಸುದನಿಯಲ್ಲಿ, "ಬೆಂದಿದೆ!"

ಯಶೋದಾ ಟಬ್ಬಿನ ಅಂಚಿನಲ್ಲಿ ಕುಸಿದು ಕೂತಳು. ಇನ್ನೂರು ಇಡ್ಲಿ ಎಂದಿದ್ದಳು ಸಭೆಯಲ್ಲಿ. ಹೆಬ್ಬಾರರ ನಗು ಈಗ ವರ್ಷಪೂರ್ತಿ ಕೇಳಬೇಕು. ಬಸ್ ಸ್ಟಾಪಿನಲ್ಲಿ, ಲಿಫ್ಟಿನಲ್ಲಿ, ಮಗಳ ಶಾಲೆಯ ಗೇಟಿನಲ್ಲಿ. ಅಳು ಬರಬೇಕಿತ್ತು, ಬರಲಿಲ್ಲ, ಅಷ್ಟು ದಣಿವಾಗಿತ್ತು. ಸುಮ್ಮನೆ ಕೈಚಾಚಿ ಗುಮ್ಮಟದ ಅಂಚಿನಿಂದ ಒಂದು ಚೂರು ಮುರಿದು ಬಾಯಿಗಿಟ್ಟಳು.

ಅಗಿಯಬೇಕೆನ್ನುವಷ್ಟರಲ್ಲಿ ಅದು ಕರಗಿಹೋಗಿತ್ತು.

ಯಶೋದಾ ಎದ್ದು ಸೆರಗು ಸಿಕ್ಕಿಸಿಕೊಂಡಳು. "ರೀ, ಕಂಬಳಿ ಬಿಡಿ! ಪುಂಡಲೀಕ, ಆ ಕಡೆ ಹಿಡಿ. ಶರ್ವಾಣಿ, ಹೊಲಿಗೆ ಡಬ್ಬಿಯಿಂದ ನೂಲಿನ ಉಂಡೆ ತಾ!"

"ಬಾಗಿಲು ಸಣ್ಣದು ಕಣೇ. ಇದು ಹೊರಗೆ ಬರುವುದಿಲ್ಲ."

"ಬಂದದ್ದು ಹೇಗೆ? ಮಗ್ಗುಲಾಗಿ. ಹೋಗುವುದೂ ಹಾಗೇ. ಹಿಟ್ಟಾಗಿದ್ದರೆ ಚೆಲ್ಲುತ್ತಿತ್ತು, ಈಗ ಎಂತ ಚೆಲ್ಲುವುದು?"

ಟಬ್ಬಿನ ನೀರು ಖಾಲಿ ಮಾಡಿ, ಕಂಬಳಿ ಸುತ್ತಿ, ಕೊಪ್ಪರಿಗೆಯನ್ನು ಮಗ್ಗುಲಾಗಿಸಿದರು. ಗುಮ್ಮಟ ಬಾಗಿಲಲ್ಲಿ ಸ್ವಲ್ಪ ಹೊಟ್ಟೆ ಒಳಗೆಳೆದುಕೊಂಡು, ಪೊಳಕ್ಕನೆ ಹೊರಬಂತು. ಹಾಲ್‌ನ ನೆಲದಲ್ಲಿ ಮಂಜು. ಒಮ್ಮೆ ನೂಕಿದ್ದೇ ತಡ, ಇಡ್ಲಿ ಗಂಭೀರವಾಗಿ ಜಾರುತ್ತ, ಸೋಫಾ ದಾಟಿ, ಟೀವಿ ದಾಟಿ, ಮುಂಬಾಗಿಲಿಗೆ ಹೋಗಿ ನಿಂತಿತು. ಕೆಳಗೆ ಕಾರ್ಯಕ್ರಮ ಶುರುವಾಯಿತು, ಇಡ್ಲಿ ಎಲ್ಲಿ ಎಂದು ಕೇಳಲು ಅದೇ ಹೊತ್ತಿಗೆ ಬಾಗಿಲು ತೆರೆದು ಒಳಬಂದ ವಾದಿರಾಜ ಹೆಬ್ಬಾರರ ಮೂಗಿಗೂ ಅದಕ್ಕೂ ಬೆರಳಗಲದ ಅಂತರವಿತ್ತು.

"ಏನಮ್ಮ ಇದು?"

"ಹೂವು, ರಾಯರೇ. ತಟ್ಟೆ ತನ್ನಿ."

ಇಡ್ಲಿಯನ್ನು ಕೆಳಗೆ ಒಯ್ಯುವ ಪ್ರಸಂಗವೇ ಬರಲಿಲ್ಲ. ಕೆಳಗಿನ ಸಭಾಂಗಣದಲ್ಲಿ ಸ್ವಾಗತ ಭಾಷಣ ಕೇಳಿ ಬೆವರಿ ಬೆಂದಿದ್ದವರಿಗೆ, ಮೇಲಿನ ಮನೆಯಲ್ಲಿ ಚಳಿ ಉಂಟು ಎಂಬ ಸುದ್ದಿ ಮುಟ್ಟಿದ್ದೇ ಸಾಕಾಯಿತು! ಇಡೀ ಸಂಘ ಮೆಟ್ಟಿಲು ಹತ್ತಿ ಬಂತು. ಹಾಲ್‌ನಲ್ಲಿ, ಕೋಣೆಯಲ್ಲಿ, ಅಡುಗೆಮನೆಯಲ್ಲಿ ಜನ. ಹೆಂಗಸರು ರೇಷ್ಮೆ ಸೆರಗು ಹೊದ್ದು ಹಲ್ಲು ಕಟಕಟಿಸುತ್ತ ನಕ್ಕರು. ಮಕ್ಕಳು ಜಾರಿ ಜಾರಿ ಬಿದ್ದರು. ಯಶೋದಾ ನೂಲನ್ನು ಬೆರಳುಗಳಿಗೆ ಬಿಗಿದು ಇಡ್ಲಿಯನ್ನು ಚೌಕಚೌಕವಾಗಿ ಕೊಯ್ದಳು. ಪುಂಡಲೀಕ ಚಟ್ನಿ ಬಡಿಸುತ್ತ, ಪ್ರತಿ ತಟ್ಟೆಗೂ ತಾಪಚೋರದ ತತ್ವವನ್ನು ವಿವರಿಸಿದ. ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರ ಬಾಯಿ ತುಂಬಿತ್ತು.

ಹೆಬ್ಬಾರರು ಮೂರನೆಯ ಚೌಕ ಮುಗಿಸಿ, ಬೆರಳು ನೆಕ್ಕಿ, ಅಧ್ಯಕ್ಷರಿಗೆ ತಕ್ಕ ಹಾಗೆ ಗಂಟಲು ಸರಿಪಡಿಸಿಕೊಂಡರು. "ಮೃದುವಾಗಿಯೇ ಉಂಟು ಯಶೋದಮ್ಮ. ಅದನ್ನು ಒಪ್ಪಬೇಕು. ಆದರೆ ನೀವು ಇನ್ನೂರು ಎಂದಿದ್ದಿರಿ. ಒಂದೇ ಬಂದಿದೆಯಲ್ಲ?"

"ಹೋದ ವರ್ಷ ಇನ್ನೂರು ಬಂದಿತ್ತು ರಾಯರೇ, ಒಬ್ಬರೂ ತಿನ್ನಲಿಲ್ಲ. ಈ ವರ್ಷ ಒಂದೇ ಬಂದದ್ದು, ಇನ್ನೂರು ಜನ ತಿಂದರು."

ಹೆಬ್ಬಾರರು ನಗಲಿಲ್ಲ. ತಟ್ಟೆ ಮುಂದೆ ಚಾಚಿದರು.

ಆಗ ಫೋನ್ ರಿಂಗಾಯಿತು. ರಿಪೇರಿ ಅಂಗಡಿಯವನು. ಪಾಪ, ಮನಸ್ಸು ತಡೆಯದೆ ರಜೆಯ ದಿನವೂ ಹೊರಟಿದ್ದನಂತೆ. "ಚೇಚಿ, ನಿಮ್ಮ ಕಟ್ಟಡದ ಕೆಳಗೇ ಇದ್ದೇನೆ. ಮನೆ ತುಂಬ ಬಿಸಿಯಾಗಿದೆಯಾ? ಈಗಲೇ ಬರಲಾ?"

ಯಶೋದಾ ಮನೆಯನ್ನೊಮ್ಮೆ ನೋಡಿದಳು. ಗಂಡ ಮತ್ತೆ ಕಂಬಳಿ ಹೊದ್ದಾಗಿತ್ತು. ಮೈದುನ ಅಳತೆ ಟೇಪು ಹಿಡಿದು ಬಚ್ಚಲುಮನೆಯ ಕಡೆ ನಡೆದಿದ್ದ, ಮುಂದಿನ ವರ್ಷ ವಡೆ ಮಾಡಬೇಕಾದರೆ ಮಧ್ಯದ ತೂತನ್ನು ಎಲ್ಲಿಂದ ತರುವುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ.

"ಬುಕ್ರಾ ಬಾ ಮಾರಾಯ, ಇನ್ಶಾಲ್ಲಾ" ಎಂದಳು. "ಇವತ್ತೇ ಬರುವುದಾದರೆ ಸ್ವೆಟರ್ ಹಾಕಿಕೊಂಡು ಬಾ."