ಇಡ್ಲಿ ಪಾತ್ರೆಯಲ್ಲಿ ಬೆಂದ ಕಾರ್ಡು

"ನನ್ನ ಅಪ್ಪಣೆ ಇಲ್ದೆ ಈ ಮನೆಯೊಳಗೆ ಒಂದೇ ಒಂದು ವೈರಸ್ಸು ಕಾಲಿಡಲಿ ನೋಡೋಣ! ಇಡೀ ಐರ್ಲೆಂಡಲ್ಲಿ ಇಂಥ ಶುದ್ಧವಾದ ಮನೆ ಇನ್ನೊಂದಿದ್ರೆ ನನ್ನ ಹೆಸರು ಗುರುಪ್ರಸಾದನೇ ಅಲ್ಲ!"

"ಹೆಸರು ಆಮೇಲೆ ಬದಲಾಯಿಸ್ಕೊಳೀರಂತೆ. ಮೊದ್ಲು ಹೇಳಿ, ಪೋಸ್ಟ್ ಬಂತಾ ಇಲ್ವಾ?"

ಎರಡನೆಯ ಮಾತು ಅನಸೂಯಾಳದು. ರಾತ್ರಿಪಾಳಿ ಮುಗಿಸಿ ಬಂದ ಡಾಕ್ಟರು. ಗಂಡನ ಕೈಲಿ ಬಾಗಿಲಲ್ಲೇ ಬಟ್ಟೆ ಮೂಟೆ ಕಟ್ಟಿಸಿಕೊಂಡು, ನೇರವಾಗಿ ಬಚ್ಚಲಿಗೆ ಅಟ್ಟಿಸಿಕೊಂಡು, ಈಗಷ್ಟೇ ತಲೆ ಒರೆಸುತ್ತಾ ಹೊರಗೆ ಬಂದಿದ್ದಳು. ಮಾಸ್ಕಿನ ಅಂಚು ಒತ್ತಿದ ಗೆರೆ ಕೆನ್ನೆಯ ಮೇಲೆ ಇನ್ನೂ ಮೂಡಿಕೊಂಡೇ ಇತ್ತು.

ಗುರುಪ್ರಸಾದ ಮೈಸೂರಿನವನು, ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್ ಊರಿನಲ್ಲಿ ಕಂಪ್ಯೂಟರ್ ಚಿಪ್ಪುಗಳ ನಕ್ಷೆ ಬರೆಯುವ ಎಂಜಿನಿಯರು. ಲಾಕ್‌ಡೌನ್ ಆದಂದಿನಿಂದ ಮನೆಯೇ ಅವನ ಆಫೀಸು, ಮನೆಯೇ ಅವನ ಕೋಟೆ. ಬಾಳೆಹಣ್ಣನ್ನು ಅವನು ಎಷ್ಟು ತಿಕ್ಕುತ್ತಿದ್ದನೆಂದರೆ, ಅದು ಹಣ್ಣಾಗುವುದನ್ನು ಮರೆತು ಮತ್ತೆ ಕಾಯಾಗುತ್ತಿತ್ತು. ಅವನು ಹಾಲಿನ ಡಬ್ಬಿಗಳಿಗೆ ಸ್ನಾನ ಮಾಡಿಸಿದ ದಿನ ಲಿಫಿ ನದಿಯೇ ನೊರೆ ಹೊತ್ತುಕೊಂಡು ಡಬ್ಲಿನ್ನಿನವರೆಗೆ ಹೋಗುತ್ತಿತ್ತೆಂದು, ಬಾತುಕೋಳಿಗಳು ಆ ವರ್ಷ ಹಿಂದೆಂದಿಗಿಂತ ಬೆಳ್ಳಗಿದ್ದವೆಂದು ಅವನೇ ಎಲ್ಲರಿಗೂ ಹೇಳಿಕೊಂಡಿದ್ದ. ಪೋಸ್ಟ್‌ಮನ್ ಇವನ ಮನೆ ಹತ್ತಿರ ಬಂದರೆ ಗೇಟಿನಾಚೆಯಿಂದಲೇ ಕಾಗದ ಎಸೆದು ಓಡುತ್ತಿದ್ದ.

ಅವತ್ತು ಜನವರಿಯ ಶುಕ್ರವಾರ. ಈ ದೇಶದಲ್ಲಿ ಕಿರಿಯ ಡಾಕ್ಟರುಗಳಿಗೆ ಜನವರಿ ಬಂತೆಂದರೆ ಆಸ್ಪತ್ರೆ ಬದಲು. ಸೋಮವಾರ ಅನಸೂಯಾ ದೇಶದ ಇನ್ನೊಂದು ತುದಿಯ ಗಾಲ್ವೇ ಊರಿನ ಆಸ್ಪತ್ರೆಗೆ ಸೇರಬೇಕು. ಅದಕ್ಕೆ, ವಿದೇಶಿಯರಿಗೆ ಇಲ್ಲಿ ನೆಲೆಸಲು ಕೊಡುವ ರೆಸಿಡೆಂಟ್ ಕಾರ್ಡು, ನವೀಕರಿಸಿದ್ದು ಬೇಕು. ಗಂಡ ಹೆಂಡತಿ ಇಬ್ಬರದೂ ಅವಧಿ ಮುಗಿದು, ಅರ್ಜಿ ಹಾಕಿ, ಕಾದು ಕಾದು ಕೂತಿದ್ದರು.

ಅನಸೂಯಾ: ಹತ್ತು ಗಂಟೆಗೆ ಗಾಲ್ವೇ ಎಚ್‌ಆರ್‌ನಿಂದ ಬ್ರೀಡಾ ವಿಡಿಯೊ ಕಾಲ್ ಮಾಡ್ತಾಳೆ. ಹೊಸ ಕಾರ್ಡು ಕಣ್ಣಾರೆ ನೋಡ್ಬೇಕಂತೆ. ಇಲ್ಲಾಂದ್ರೆ ಆ ಕೆಲಸ ಬೇರೆಯವರಿಗೆ.

ಗುರುಪ್ರಸಾದ: ಹಳೇ ಕಾರ್ಡೇ ಸದ್ಯಕ್ಕೆ ನಡೆಯುತ್ತೆ ಅಂತ ಸರ್ಕಾರ ಹೇಳಿದೆಯಲ್ಲೇ?

ಅನಸೂಯಾ: ಸರ್ಕಾರ ಒಪ್ಪಿದೆ. ಬ್ರೀಡಾ ಒಪ್ಪಿಲ್ಲ. ಕವರ್ ಮನೆಗೆ ತಲುಪಿದೆ ಅಂತ ಫೋನಿಗೆ ಮೆಸೇಜ್ ಬಂದಿದೆ ರೀ. ಎಲ್ಲಿ ಅದು?

ಗುರುಪ್ರಸಾದ: ಶುದ್ಧಿ ಆಗ್ತಾ ಇದೆ.

ಅನಸೂಯಾ: ಗ್ಯಾರೇಜಲ್ಲಾ? ಅಲ್ಲಿಟ್ರೆ ನೀವು ಮೂರು ದಿನ ಮುಟ್ಟಕ್ಕೆ ಬಿಡಲ್ಲ!

ಗುರುಪ್ರಸಾದ: ಅದು ಹಳೇ ಪದ್ಧತಿ ಕಣೇ. ಇವತ್ತಿಂದ ಹೊಸದು. ಇನ್ನೊಂದೈದು ನಿಮಿಷ ತಡ್ಕೊ, ಬೆಂದುಬಿಡುತ್ತೆ.

ಅನಸೂಯಾ ಅಡುಗೆಮನೆಯ ಕಡೆ ತಿರುಗಿದಳು. ಒಲೆಯ ಮೇಲೆ ಇಡ್ಲಿ ಪಾತ್ರೆ ಬುಸುಬುಸು ಹಬೆ ಬಿಡುತ್ತಿತ್ತು. ಅವಳ ಕೋಪ ಅರ್ಧಕ್ಕರ್ಧ ಇಳಿಯಿತು.

ಅನಸೂಯಾ: ಅಯ್ಯೋ ಪಾಪ! ಹಸಿದು ಬರ್ತಾಳೆ ಅಂತ ಇಡ್ಲಿ ಇಟ್ಟಿದೀರಾ? ಸುಮ್ನೆ ಬೈದ್ಬಿಟ್ಟೆ ನೋಡಿ. ಎಷ್ಟು ಹಾಕಿದೀರಿ?

ಗುರುಪ್ರಸಾದ: ಮೇಲಿನ ತಟ್ಟೇಲಿ ಕರೆಂಟ್ ಬಿಲ್ಲು. ನಡುವಿಂದ್ರಲ್ಲಿ ಸೂಪರ್‌ಮಾರ್ಕೆಟ್‌ನೋರ ಕರಪತ್ರ. ಕೆಳಗಿನ ತಟ್ಟೇಲಿ ನಮ್ಮಿಬ್ಬರ ಕಾರ್ಡು.

ಅನಸೂಯಾ ಕಣ್ಣರಳಿಸಿ ಗಂಡನ ಕಡೆ ತಿರುಗಿದಳು.

ಗುರುಪ್ರಸಾದ: ಯಾಕೆ ಹಾಗೆ ನೋಡ್ತೀಯ? ಒಗ್ಗರಣೆ ಏನೂ ಹಾಕಿಲ್ಲ!

ಅನಸೂಯಾ ಮುಚ್ಚಳ ಕಿತ್ತೆಸೆದಳು. ಹಬೆ ತಿಳಿಯಾದ ಮೇಲೆ ನೋಡಿದರೆ, ಜಾಗ ಸಾಲದೆಂದು ಒಂದರ ಮೇಲೊಂದು ಮಲಗಿಸಿದ್ದ ಎರಡು ಕಾರ್ಡುಗಳು ಮೆತ್ತಗಾಗಿ, ಇಡ್ಲಿಯ ಗುಳಿಗೆ ತಕ್ಕಂತೆ ಬಾಗಿ, ಬೆನ್ನಿಗೆ ಬೆನ್ನು ಕಚ್ಚಿಕೊಂಡು ಒಂದೇ ಆಗಿದ್ದವು. ಒಂದು ಮುಖದಲ್ಲಿ ಅವಳು, ಇನ್ನೊಂದು ಮುಖದಲ್ಲಿ ಅವನು. ಗುರುಪ್ರಸಾದ ಎಳೆದ, ಬರಲಿಲ್ಲ. ಚಾಕು ತೂರಿಸಿದ; ಚಾಕು ಬಾಗಿತು. ಕೊಬ್ಬರಿ ಎಣ್ಣೆ ಸವರಿದ. ಎರಡೂ ಫೋಟೊಗಳ ಮುಖಕ್ಕೆ ಹಬ್ಬದ ಕಳೆ ಬಂತು, ಅಷ್ಟೇ.

ಅನಸೂಯಾ: ಹಗಲೂ ರಾತ್ರಿ ಚಿಪ್ಪು ಚಿಪ್ಪು ಅಂತೀರಲ್ಲ, ಈ ಕಾರ್ಡಿನೊಳಗೂ ಚಿಪ್ ಇರುತ್ತೆ ಅಂತ ಗೊತ್ತಿಲ್ವೇನ್ರೀ?

ಗುರುಪ್ರಸಾದ: ನಾನು ನಕ್ಷೆ ಬರೆಯೋನು. ಬೇಯಿಸಿದ್ರೆ ಏನಾಗುತ್ತೆ ಅನ್ನೋದು ಬೇರೆ ಡಿಪಾರ್ಟ್‌ಮೆಂಟು.

ಅವಳು ಸೌಟಿಗಾಗಿ ಕೈ ಚಾಚುವಷ್ಟರಲ್ಲಿ ಲ್ಯಾಪ್‌ಟಾಪು ಕಿಣಿಕಿಣಿ ಅಂದಿತು. ಪರದೆಯ ಮೇಲೆ ಬ್ರೀಡಾ ಪ್ರತ್ಯಕ್ಷಳಾದಳು. ಅವಳ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿಕೊಂಡರೆ ಮುಂದಿನ ಮಾತುಕತೆ ಹೀಗೆ ನಡೆಯಿತು.

ಬ್ರೀಡಾ: ಬೇಗ ಕಾರ್ಡು ತೋರಿಸಿಬಿಡಿ ಡಾಕ್ಟರ್, ಅಲ್ಲಿ ನನ್ನ ಟೀ ಆರ್ತಾ ಇದೆ... ಅದೇನು, ಬಟ್ಟಲಾ?

ಅನಸೂಯಾ: ಕಾರ್ಡು.

ಬ್ರೀಡಾ: ಹೊಸ ಮಾದರೀನಾ? ನಮಗೆ ಯಾರೂ ತಿಳಿಸೇ ಇಲ್ಲ!

ಅನಸೂಯಾ: ಹಾಗಲ್ಲ, ಸ್ವಲ್ಪ ಬಿಸಿ ತಾಗಿದೆ.

ಗುರುಪ್ರಸಾದ (ಹಿಂದಿನಿಂದ ತಲೆ ಹಾಕಿ): ಸ್ವಲ್ಪ ಅಲ್ಲ ಮೇಡಂ! ಚೆನ್ನಾಗಿ ಹಬೇಲಿ ಬೇಯಿಸಿದೀನಿ. ಅಕ್ಕಿ, ಉದ್ದಿನಬೇಳೆ ರಾತ್ರಿ ರುಬ್ಬಿಟ್ಟು, ಬೆಳಿಗ್ಗೆ ಬೇಯಿಸೋಕೆ ಅಂತಲೇ ನಮ್ಮಲ್ಲಿ ಒಂದು ಪಾತ್ರೆ ಇರುತ್ತೆ...

ಬ್ರೀಡಾ: ಅಂದ್ರೆ, ಕಾರ್ಡನ್ನ ನೀವು ತಿಂತೀರಾ?

ಅನಸೂಯಾ: ಇಲ್ಲ ಇಲ್ಲ! ಅವರು ವೈರಸ್ ಕೊಲ್ಲಕ್ಕೆ ಹೋಗಿದ್ರು.

ಬ್ರೀಡಾ: ಒಳ್ಳೇದು, ಯಾರಾದ್ರೂ ಹೋಗ್ಲೇಬೇಕು. ಫೋಟೊ ಹತ್ತಿರ ತನ್ನಿ.

ಬೆಂದ ಫೋಟೊದಲ್ಲಿ ಅನಸೂಯಾಳ ಕೆನ್ನೆ ಉಬ್ಬಿ, ಕಣ್ಣು ಜೋತುಬಿದ್ದು, ಮೂಗಿನ ಆಚೀಚೆ ಒಂದೊಂದು ಮಡಿಕೆ ಎದ್ದಿತ್ತು. ಬ್ರೀಡಾ ಕನ್ನಡಕ ಏರಿಸಿಕೊಂಡು ಫೋಟೊವನ್ನೂ, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖವನ್ನೂ ಎರಡೆರಡು ಸಲ ನೋಡಿದಳು.

ಬ್ರೀಡಾ: ಅನುಮಾನವೇ ಇಲ್ಲ. ಇಷ್ಟು ಚೆನ್ನಾಗಿ ಹೋಲೋ ಫೋಟೊ ನನ್ನ ಸರ್ವಿಸಲ್ಲೇ ನೋಡಿಲ್ಲ.

ಸಂತೋಷಪಡಬೇಕೋ ಬೇಡವೋ ಎಂದು ಅನಸೂಯಾಳಿಗೆ ತಿಳಿಯಲಿಲ್ಲ. ಗುರುಪ್ರಸಾದ ಮಾತ್ರ ಎದೆಯುಬ್ಬಿಸಿ ನಿಂತ.

ಬ್ರೀಡಾ: ಹಿಂಬದಿ ತೋರಿಸಿ... ಡಾಕ್ಟರ್! ನಿಮ್ಮ ಹಿಂದೆ ಯಾರೋ ಗಂಡಸು ಇದ್ದಾನೆ!

ಅನಸೂಯಾ: ಯಾವಾಗಲೂ ಇರ್ತಾರೆ. ಅವರು ನಮ್ಮ ಮನೆಯವರು.

ಬ್ರೀಡಾ: ಹಾಗಾದ್ರೆ ಸೋಮವಾರ ಡ್ಯೂಟಿಗೆ ಯಾರು ಬರೋದು?

ಅನಸೂಯಾ: ನಾನು!

ಬ್ರೀಡಾ: ಅವರಿಗೂ ವೈದ್ಯಕೀಯ ಗೊತ್ತಾ?

ಗುರುಪ್ರಸಾದ: ಓದಿಲ್ಲ ಮೇಡಂ. ಆದ್ರೆ ಈ ಮನೇಲಿ ಚಿಕಿತ್ಸೆ ಎಲ್ಲ ನಂದೇ.

ಬ್ರೀಡಾ: ಅದು ಕಾಣ್ತಾ ಇದೆ.

ಬ್ರೀಡಾ ನಿಯಮಗಳ ಕಾಗದ ಮಗುಚಿದಳು. ಗಾಲ್ವೇ ಕೆಲಸ ತಪ್ಪಿದರೆ ಮುಂದಿನ ಸಲ ಹಬೆಯಲ್ಲಿ ಕೂರುವುದು ತಾನೇ ಎಂಬುದು ಗುರುಪ್ರಸಾದನಿಗೆ ಖಚಿತವಾಗಿತ್ತು.

ಬ್ರೀಡಾ: ಹೆಸರು ಓದಕ್ಕೆ ಬರುತ್ತೆ. ಅವಧಿ ಓದಕ್ಕೆ ಬರುತ್ತೆ. ಮುಖ ನಿಮ್ದೇ. ಕಾರ್ಡು ಚಪ್ಪಟೆಯಾಗಿ ಇರಲೇಬೇಕು ಅಂತ ನನ್ನ ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಗ್ರ್ಯಾಂಡ್, ಎಲ್ಲ ಸರಿ! ಸೋಮವಾರ ಬನ್ನಿ. ಬೇರೆ ಕಾರ್ಡಿಗೆ ಅರ್ಜಿ ಹಾಕಿ, ಅದು ಬರೋ ತನಕ ಇದೇ ಜೊತೇಲಿರಲಿ. ಲಾಕ್‌ಡೌನ್ ಅಲ್ವಾ, ದಾರೀಲಿ ಗಾರ್ಡಾ ಪೊಲೀಸರು ಕಾರು ನಿಲ್ಲಿಸಿ ಕಾರ್ಡು ಕೇಳ್ತಾರೆ.

ಪರದೆ ಕಪ್ಪಾಯಿತು. ಗುರುಪ್ರಸಾದ ಯುದ್ಧ ಗೆದ್ದವನ ಹಾಗೆ ಕುರ್ಚಿಯಲ್ಲಿ ಒರಗಿದ.

ಗುರುಪ್ರಸಾದ: ನೋಡಿದ್ಯಾ? ಬೇಯಿಸಿದ್ದಕ್ಕೇ ಹೋಲಿಕೆ ಬಂದಿದ್ದು. ಹಸಿ ಕಾರ್ಡಾಗಿದ್ರೆ ಅವಳು ಒಪ್ತಾನೇ ಇರ್ಲಿಲ್ಲ!

ಅನಸೂಯಾ: ಬಟ್ಟೆ ತುಂಬಿಸ್ಕೊಳಿ.

ಗುರುಪ್ರಸಾದ: ಯಾಕೆ? ಹೋಗೋಳು ನೀನು.

ಅನಸೂಯಾ: ನನ್ನ ಬೆನ್ನಿಗೆ ಅಂಟಿರೋರು ನೀವು. ಈ ಕಾರ್ಡು ಗಾಲ್ವೇಗೆ ಹೋಗುತ್ತೆ. ಇಲ್ಲಿ ಗಾರ್ಡಾದವರು ತಡೆದ್ರೆ ಏನು ತೋರಿಸ್ತೀರಿ, ಇಡ್ಲಿ ತಟ್ಟೆನಾ?

ಗುರುಪ್ರಸಾದ ಕುರ್ಚಿಯಿಂದ ಎದ್ದೇಬಿಟ್ಟ. ಸಾಬೂನಿನಲ್ಲಿ ಕಟ್ಟಿದ ಕೋಟೆಯನ್ನು ಬಿಟ್ಟು, ಯಾರ್ಯಾರೋ ಸೀನಿದ ಬಾಡಿಗೆ ಮನೆಗೆ ಹೋಗುವುದೇ? ಗೋಡೆಗೆಲ್ಲ ಸ್ನಾನ ಮಾಡಿಸಬೇಕಾದೀತು! ಅವನು ಬಕೆಟ್ಟುಗಳನ್ನು ಲೆಕ್ಕ ಹಾಕುತ್ತಿದ್ದಾಗ ಅನಸೂಯಾ ಆ ಬಾಗಿದ ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದಳು.

ಅನಸೂಯಾ: ಅಷ್ಟೊಂದು ಜಂಬ ಕೊಚ್ಚಿಕೊಂಡ್ರಲ್ಲ. ನಿಮ್ಮ ಕೈಲಿ ಸತ್ತಿದ್ದು ಎರಡು ಕಾರ್ಡು. ವೈರಸ್ ಸತ್ತಿದ್ದು ಒಂದಾದ್ರೂ ತೋರಿಸಿ ನೋಡೋಣ!

ಗುರುಪ್ರಸಾದ: ಡಾಕ್ಟ್ರು ನೀನಲ್ವೇನೇ? ಬದುಕಿರೋದು ಒಂದನ್ನ ನೀನು ತೋರಿಸು!