ಒಂದು ಹಳೆಯ ಇಂಗ್ಲಿಷ್ ಪದ, ಒಂದು ಅಟ್ಟ ಕೊಬ್ಬರಿ

ಸಾವಾದ ಮನೆಯಲ್ಲಿ ನಗು ಬರುವಂಥದ್ದು ನಡೆಯಬಾರದು. ಆದರೆ ನಡೆಯುತ್ತದೆ, ಅದೂ ನಗಲಾಗದ ಹೊತ್ತು ನೋಡಿಕೊಂಡೇ ನಡೆಯುತ್ತದೆ. ನನ್ನ ಯಜಮಾನರು ತೀರಿಕೊಂಡ ವರ್ಷ ನಮ್ಮ ಬಿಳಿಗೆರೆಯ ಮನೆಯಲ್ಲಿ ನಡೆದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ವಿಷಯ ತಿಳಿದಿರಬೇಕು. ಅವರು ಮಾಡಿದ ಕಡೆಯ ಕೆಲಸ ಅಟ್ಟಕ್ಕೆ ತೆಂಗಿನಕಾಯಿ ತುಂಬಿಸಿದ್ದು. ನಮ್ಮ ಕಡೆ ಕಾಯನ್ನು ಸಿಪ್ಪೆಸಮೇತ ವರ್ಷದ ಹತ್ತಿರ ಅಟ್ಟದಲ್ಲೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಆಯಿತೆಂದು ಅರ್ಥ. ನಮ್ಮ ಮನೆಯಲ್ಲಿ ತುಂಬಿಸಿದವರೇ ಮೊದಲ ಕಾಯಿ ಇಳಿಸುವುದು ಪದ್ಧತಿ. ತುಂಬಿಸಿದವರು ಈಗಿಲ್ಲ. ಅವರ ಬದಲು ನಾನು ಇಳಿಸುತ್ತೇನೆ ಎಂದೆ.

"ಗಂಡ ಇಲ್ದೋರು ಅಟ್ಟ ಮುಟ್ಟಬಾರ್ದು ಅತ್ತಿಗೆ. ನಾನಿಳಿಸ್ತೀನಿ ಬುಡಿ" ಎಂದ ಮೈದುನ.

ವರ್ಷವಿಡೀ ನಮ್ಮಿಬ್ಬರ ನಡುವೆ ಇದೊಂದೇ ಜಟಾಪಟಿ.

೧. ಕಲ್ಲು

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್ ಒಬ್ಬರು ನಮ್ಮನ್ನು ಚರ್ಚಿನ ಹಿಂದಿನ ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಗೋರಿಕಲ್ಲುಗಳ ಮೇಲಿನ ಇಂಗ್ಲಿಷ್ ಓದಿಸುತ್ತಿದ್ದರು. ಹೆಂಗಸರ ಗೋರಿಗಳ ಮೇಲೆ 'ರೆಲಿಕ್ಟ್' ಎಂಬ ಪದವಿರುತ್ತಿತ್ತು. ಇಂಥವರ ವಿಧವೆ ಎನ್ನಲು ಆಗ ಹಾಗೆ ಬರೆಯುತ್ತಿದ್ದರು. ಈಗ ಯಾರೂ ಬಳಸುವುದಿಲ್ಲ. ಮೂಲ ಲ್ಯಾಟಿನ್: ಹಿಂದೆ ಬಿಟ್ಟುಹೋದದ್ದು. ಸಂತರ ಎಲುಬನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ರೆಲಿಕ್' ಎನ್ನುತ್ತಾರಲ್ಲ, ಅದೂ ಅಲ್ಲಿಂದಲೇ ಬಂದದ್ದು.

ಯಜಮಾನರನ್ನು ತೋಟದಲ್ಲೇ ಮಣ್ಣು ಮಾಡಿದ್ದೆವು. ಅವರ ಸಮಾಧಿಯ ಕಲ್ಲಿನ ಮೇಲೆ, ಅವರ ಹೆಸರಿನ ಕೆಳಗೆ, ನನ್ನ ಹೆಸರು ಮತ್ತು ಈ ಪದ ಇರಬೇಕೆಂದು ನನ್ನ ಆಸೆ. ಕಲ್ಲು ಕೆತ್ತಲು ತಿಪಟೂರಿನಿಂದ ಬಂದವನಿಗೆ ಸಿಸ್ಟರ್ ನನಗೆ ಹೇಳಿದ್ದೆಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಉಳಿ ಕೆಳಗಿಟ್ಟು ಕಡೆಯವರೆಗೂ ಕೇಳಿದ.

"ಕೆತ್ತಿಕೊಡ್ತೀನಿ ಬುಡಮ್ಮ. ಆದ್ರೆ ಕಲ್ಲಿನ ಪಕ್ಕ ಒಂದು ಕುರ್ಚಿ ಹಾಕ್ಕೊಂಡು ನೀವೂ ಕೂತಿರಬೇಕಾಯ್ತದೆ ಕಣಮ್ಮ. ಬಂದೋರಿಗೆಲ್ಲ ಹೇಳ್ಬೇಕಲ್ಲ?"

ಮೈದುನ ಗಂಭೀರವಾಗಿ ನುಡಿದ: "ಕುರ್ಚಿ ನಾನು ಕೊಡಿಸ್ತೀನಿ."

೨. ಬಣ್ಣ

ಆಮೇಲೆ ರವಿಕೆ ಹೊಲಿಸಲು ಪೇಟೆಗೆ ಹೋದೆ. ನಮ್ಮ ದರ್ಜಿ ಸಾಬರು ಮೂವತ್ತು ವರ್ಷದಿಂದ ನನ್ನ ಅಳತೆ ಬಲ್ಲವರು; ನನ್ನ ಕೋಪವನ್ನೂ ಬಲ್ಲವರು. ನಾನು ಕೊಟ್ಟ ಮಾವಿನೆಲೆ ಹಸಿರಿನ ಬಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು ಹಿಂಜರಿದರು.

"ಮೇಡಂ, ನಮ್ಮಲ್ಲೂ ಬೇವಾ ಆದವರು ಇಂಥ ಬಣ್ಣ ಹಾಕೋದು ಕಮ್ಮಿ. ಬೂದು ಬಣ್ಣದ್ದು ಒಂದು ಪೀಸ್ ಐತೆ, ತೋರಿಸ್ಲಾ?"

ತಪ್ಪು ತಿಳಿವಳಿಕೆಯನ್ನು ಹಾಗೇ ಬಿಟ್ಟು ಬರುವ ಅಭ್ಯಾಸ ನನಗಿಲ್ಲ. ರೆಲಿಕ್ಟ್ ಹೋಗಿ ಇಂಗ್ಲಿಷಿನಲ್ಲಿ ಉಳಿದ 'ವಿಡೋ', ನಮ್ಮ 'ವಿಧವೆ', ಪಾರಸಿಯಿಂದ ಬಂದ ಅವರ 'ಬೇವಾ', ಮೂರೂ ಒಂದೇ ಬೇರಿನವು. ಆ ಬೇರಿಗೆ ಅಗಲುವುದು ಎಂಬ ಅರ್ಥವಿದ್ದಂತೆ ಕಾಣುತ್ತದೆ. ಒಂದು ಇಂಗ್ಲೆಂಡಿಗೆ ಹೋಯಿತು, ಒಂದು ಇರಾನಿಗೆ, ಒಂದು ನಮ್ಮಲ್ಲಿಗೆ ಎಂದು ವಿವರಿಸಿದೆ. ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟು ದೇಶ ತಿರುಗಿದ್ಲಾ ಪಾಪ? ಎಲ್ಲೂ ಒಂದು ಬಣ್ಣದ ಸೀರೆ ಸಿಗಲಿಲ್ವಾ ಮೇಡಂ ಅವಳಿಗೆ?"

ಬೂದು ಬಣ್ಣದ ಪೀಸನ್ನು ಅವರೇ ಒಳಗಿಟ್ಟರು. ಹಸಿರನ್ನೇ ಹೊಲಿದುಕೊಟ್ಟರು.

೩. ಸಾಕ್ಷಿ

ವರ್ಷ ತುಂಬುತ್ತಾ ಬಂತು. ಅಟ್ಟದ ಮಾತು ಇತ್ಯರ್ಥವಾಗಲೆಂದು ಮೈದುನ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರನ್ನು ಕರೆತಂದ. ಮೇಷ್ಟ್ರು ಕಾಫಿ ಕುಡಿದು ಹೇಳಿದರು:

"ಧವ ಎಂದರೆ ಗಂಡ. ಧವ ಇಲ್ಲದವಳು ವಿಧವೆ. ಪದವೇ 'ಇಲ್ಲ' ಎನ್ನುತ್ತಿರುವಾಗ ಅಟ್ಟದ ಅಧಿಕಾರ ಎಲ್ಲಿಂದ ಬರುತ್ತದೆ ತಾಯಿ?"

"ಮೇಷ್ಟ್ರೇ, ಮೊದಲು ಇದ್ದದ್ದು ವಿಧವೆ. ಆಮೇಲೆ ಬಂದವರು ಆ ಪದವನ್ನು ತಪ್ಪಾಗಿ ಒಡೆದು ಧವನನ್ನು ಹೊರತೆಗೆದರು. ವಿಧವೆಯಿಂದ ಹುಟ್ಟಿದವನು ಧವ. ಬಲ್ಲವರು ಬರೆದಿದ್ದಾರೆ, ನೋಡಿ."

ಮೇಷ್ಟ್ರು ತಬ್ಬಿಬ್ಬಾದರು. "ಹಾಗಾದರೆ ಮೊದಲಿಗೆ ಧವ ಇರಲೇ ಇಲ್ಲವೆ?"

ಮೈದುನನ ಕಣ್ಣಲ್ಲಿ ನೀರು ಬಂತು. "ಅತ್ತಿಗೆ, ಏನು ಮಾತು ಅಂತ ಆಡ್ತೀರಿ. ನಮ್ಮಣ್ಣ ಇದ್ದ ಕಣ್ರೀ. ನಾನೇ ನೋಡಿದೀನಿ."

೪. ಅಟ್ಟ

ಕಾಯಿ ಆಗಿದೆಯೋ ಇಲ್ಲವೋ ಯಾರೂ ನೋಡಿರಲಿಲ್ಲ. ಯಜಮಾನರು ಇದ್ದಾಗ ಮಧ್ಯಾಹ್ನದ ಊಟವಾದ ಮೇಲೆ ಅಟ್ಟ ಹತ್ತಿ, ಒಂದೊಂದೇ ಕಾಯಿ ಅಲ್ಲಾಡಿಸಿ ಕೇಳುತ್ತಿದ್ದರು. ಆ ಸದ್ದು ಮನೆಗೆಲ್ಲ ಕೇಳಿಸುತ್ತಿತ್ತು. ನಿದ್ದೆ ಕೆಡುತ್ತದೆಂದು ನಾನು ಗದರುತ್ತಿದ್ದೆ. ಈಗ ಸದ್ದಿಲ್ಲ, ನಿದ್ದೆಯೂ ಇಲ್ಲ.

ಒಂದು ಮಧ್ಯಾಹ್ನ ಸೆರಗು ಬಿಗಿದುಕೊಂಡು ಏಣಿ ಹತ್ತಿದೆ. ಕತ್ತಲು, ಧೂಳು, ಒಣ ನಾರಿನ ವಾಸನೆ. ಅವರು ಬಿಟ್ಟುಹೋದ ಕಾಯಿಗಳ ನಡುವೆ ಕುಳಿತೆ. ಆಗಲೇ ತೋಟದ ಆಳು ಬಂದು, ನಾನು ಮೇಲಿರುವುದು ತಿಳಿಯದೆ, ಹೆಂಚು ಸರಿಮಾಡಲು ಏಣಿ ಎತ್ತಿಕೊಂಡು ಹೋದ. ಕೂಗಿ ಕರೆಯಬಹುದಿತ್ತು. ದನಿಯೆತ್ತಬಾರದೆಂದು ಕಾನ್ವೆಂಟಿನಲ್ಲಿ ಕಲಿತ ಹೆಂಗಸು ಅಟ್ಟದ ಮೇಲಿಂದ ಕೂಗುವುದೆಂದರೇನು? ಸುಮ್ಮನೆ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಲೊಟಲೊಟ.

ಕೆಳಗೆ ಮೈದುನನೂ ಮೇಷ್ಟ್ರೂ ಬಂದಿದ್ದರು. ಏಣಿ ಇಲ್ಲ; ಮೇಲೆ ಸದ್ದು.

"ಅಣ್ಣಾ," ಎಂದ ಮೈದುನ. "ನೀನೇನಾ?"

ಮಾತಾಡಬೇಕಿತ್ತು. ಅದಕ್ಕೆ ಮೊದಲೇ ಕೈಯಲ್ಲಿದ್ದ ಕಾಯಿ ತಾನೇ ಅಲ್ಲಾಡಿತು.

"ಅತ್ತಿಗೇನೇ ಕಾಯಿ ಇಳಿಸ್ಲಿ ಅಂತೀಯಾ ಅಣ್ಣಾ?"

ಈ ಸಲ ನಾನೇ ಅಲ್ಲಾಡಿಸಿದೆ.

"ಆಯ್ತು ಬುಡು. ನಾನಿನ್ನು ಅಡ್ಡ ಬರಲ್ಲ. ಆದ್ರೆ ಇಂಗ್ಲೀಷು ವಸಿ ಕಮ್ಮಿ ಮಾಡು ಅಂತ ಅತ್ತಿಗೆಗೆ ನೀನೇ ಹೇಳಣ್ಣ. ನೀನು ಹೇಳಿದ್ರೆ ಕೇಳ್ತಾರೆ."

ನಾನು ಕಾಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಅಷ್ಟರಲ್ಲಿ ಆಳು ಏಣಿ ತಂದು ಒರಗಿಸಿದ. ಅದೇ ಕಾಯಿ ಹಿಡಿದು, ಹಸಿರು ರವಿಕೆಗೆಲ್ಲ ಜೇಡರ ಬಲೆ ಅಂಟಿಸಿಕೊಂಡು, ನಾನು ಇಳಿದೆ. ಮೇಷ್ಟ್ರು ನನ್ನನ್ನು ನೋಡಿ, ಅಟ್ಟವನ್ನು ನೋಡಿ, ಕೈಮುಗಿದು ಹೇಳಿದರು: "ತಾಯಿ, ನೀವಂದಿದ್ದೇ ಸರಿ. ಧವ ಬಂದದ್ದು ವಿಧವೆಯಿಂದಲೇ."

ಮೈದುನನಿಗೆ ಅದು ಕೇಳಿಸಿದಂತಿರಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅತ್ತಿಗೆ, ಮ್ಯಾಲೆ ಅಣ್ಣ ಚೆನ್ನಾಗವ್ನಾ?"

ನಾನು ಮೊದಲ ಕಾಯನ್ನು ಅವನ ಕೈಯಲ್ಲಿಟ್ಟೆ.

"ಚೆನ್ನಾಗಿದ್ದಾರೆ. ಇಂಗ್ಲಿಷಿನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ."