ಚೆಂಡು ಕಾಣದ ಟೇಪು

ದೋಹಾದಲ್ಲಿ ನನಗೆ ಸಿಕ್ಕಿದ್ದು ಟೈಪಿಸ್ಟ್ ಕೆಲಸ. ಆದರೆ ಆ ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ, ಟೈಪ್ ಮಾಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ತಲೆಗೇ ಬಂತು. ಮೈದಾನದ ನಲ್ಲಿ ಸೋರಿದರೆ ನಾನು, ಗೋಲಿನ ಬಲೆ ಹರಿದರೆ ನಾನು, ರೆಫರಿಗೆ ಹೊಟ್ಟೆ ಕೆಟ್ಟರೂ ನಾನು. ಒಂದು ತಾಪತ್ರಯ ಮುಗಿಯಿತೆಂದು ಕುರ್ಚಿಗೆ ಒರಗುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಿತ್ತು. ತೊಂಬತ್ತರ ದಶಕದ ನಡುವೆ ಒಂದು ಸೀಸನ್ನಿನಲ್ಲಿ ಹಾಗೆ ಬಾಗಿಲು ತಟ್ಟಿದ ತಾಪತ್ರಯ ಆರಡಿಗೂ ಮಿಕ್ಕಿ ಎತ್ತರವಿತ್ತು, ಸರ್ಬಿಯಾದಿಂದ ಬಂದಿತ್ತು, ಮೊದಲ ದಿನದಿಂದಲೇ ನನ್ನನ್ನು ‘ಆಫೀಸ್’ ಎಂದು ಕರೆಯತೊಡಗಿತು. ನನಗೂ ಒಂದು ಹೆಸರಿದೆ ಎಂದು ಹೇಳಿ ನೋಡಿದೆ. “ಓಕೆ, ಆಫೀಸ್,” ಎಂದ.

ಮೆಣಸಿನ ಹೊಗೆ

ಕ್ಲಬ್ಬಿನ ಮ್ಯಾನೇಜರನನ್ನು ನಾವೆಲ್ಲ ‘ಮುದೀರ್’ ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಯಾವ ಸಮಸ್ಯೆ ಹೇಳಿದರೂ “ಮಾಫಿ ಮುಷ್ಕಿಲ್”, ಅಂದರೆ ತೊಂದರೆಯೇ ಇಲ್ಲ, ಎಂದು ನಕ್ಕು, ಆ ಸಮಸ್ಯೆಯನ್ನು ನನ್ನ ಮನೆಗೆ ಕಳಿಸುತ್ತಿದ್ದ. ಈ ಆಟಗಾರನನ್ನೂ ಹಾಗೆಯೇ ಕಳಿಸಿದ. ಮದೀನತ್ ಖಲೀಫಾ ಬಡಾವಣೆಯಲ್ಲಿ ಒಂದು ಹಳೇ ವಿಲ್ಲಾವನ್ನು ಹಲಗೆ ಹೊಡೆದು ಪಾಲು ಮಾಡಿದ್ದರು. ಒಂದು ಪಾಲಿನಲ್ಲಿ ನಾನು, ನನ್ನ ಹೆಂಡತಿ. ಪಕ್ಕದ ಪಾಲಿನಲ್ಲಿ ಅವನು. ಅಂಗಳ ಒಂದೇ.

ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಹೊಗೆ. ಇವನು ತರಕಾರಿ ಮಾರ್ಕೆಟ್ಟಿನಿಂದ ಗೋಣಿಗಟ್ಟಲೆ ಕೆಂಪು ದೊಣ್ಣೆಮೆಣಸು ತಂದು ಕೆಂಡದ ಮೇಲೆ ಸುಡುತ್ತಾ ಕೂತಿದ್ದಾನೆ. ಅವರ ಊರಿನಲ್ಲಿ ಚಳಿಗಾಲಕ್ಕೆ ಹೀಗೆ ಸುಟ್ಟು, ಸಿಪ್ಪೆ ಸುಲಿದು, ಎಣ್ಣೆ ಹಾಕಿ ಕಾಯಿಸಿ ಬಾಟಲಿಗೆ ತುಂಬಿಡುವುದು ವಾಡಿಕೆಯಂತೆ. ದೋಹಾಕ್ಕೆ ಚಳಿಗಾಲ ಎಲ್ಲಿಂದ ಬರಬೇಕು? ಹೆಂಡತಿ ಒಣಗಲು ಹಾಕಿದ್ದ ಬಟ್ಟೆಯೆಲ್ಲ ಸುಟ್ಟ ಮೆಣಸಿನ ವಾಸನೆ. ಅವಳು ಕೊಂಕಣಿಯಲ್ಲಿ ಅವನ ಏಳು ತಲೆಮಾರನ್ನು ಜಾಲಾಡಿದಳು. ಅವನು ಎದೆ ಮೇಲೆ ಕೈಯಿಟ್ಟು “ಥ್ಯಾಂಕ್ಯೂ, ಮೇಡಂ” ಎಂದ.

ಅವನ ಫ್ರಿಜ್ ಸಣ್ಣದು. ಬಾಟಲಿಗಳೆಲ್ಲ ನಮ್ಮ ಫ್ರಿಜ್ಜಿಗೆ ಬಂದವು. ಅವನು ಪ್ರಾಕ್ಟೀಸಿಗೆ ಹೋದಾಗ ಇವಳು ಒಂದು ಚಮಚ ರುಚಿ ನೋಡಿದಳು. “ಅಯ್ಯೋ ಪಾಪ, ಹುಳಿ ಇಲ್ಲ, ಖಾರ ಇಲ್ಲ. ಇಷ್ಟು ಕಷ್ಟಪಟ್ಟು ಹುಡುಗ ಚಟ್ನಿ ಹಾಳು ಮಾಡಿಕೊಂಡಿದ್ದಾನೆ,” ಎಂದು ಮರುಗಿ, ಇದ್ದ ಬಾಟಲಿಗೆಲ್ಲ ಹುಣಸೆಹುಳಿ ಹಿಂಡಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು ಮುಚ್ಚಳ ಹಾಕಿಟ್ಟಳು.

ಸಂಜೆ ಅವನು ಒಂದು ಬಾಟಲಿ ತೆಗೆದು ನೋಡಿದ. ಒಳಗೆ ಎಲೆ! ಅವನ ಮುಖ ನೋಡಲಾಗದೆ ನಾನು ಬಾತ್‌ರೂಮಿಗೆ ಹೋಗಿ ಕೂತೆ. ಮೂರು ದಿನ ನಮ್ಮ ಜೊತೆ ಮಾತಿಲ್ಲ. ನಾಲ್ಕನೆಯ ದಿನ ಖಾಲಿ ಬಾಟಲಿಗಳನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದ.

“ಮೇಡಂ, ಹೊಸ ಗೋಣಿ ತಂದಿದ್ದೇನೆ. ಪ್ಲೀಸ್, ಇದನ್ನೂ ಹಾಳು ಮಾಡಿ ಕೊಡಿ.”

ಬ್ಯಾಚುಲರ್ ಯಾರು?

ನಮ್ಮ ಕರಾವಳಿಯವರ ಸಂಘದಲ್ಲಿ ವರ್ಷಕ್ಕೊಮ್ಮೆ ಮದುವೆಯಾದವರಿಗೂ ಬ್ಯಾಚುಲರುಗಳಿಗೂ ಫುಟ್‌ಬಾಲ್ ಪಂದ್ಯ. ನಮ್ಮ ಪಕ್ಕದ ಮನೆಯಲ್ಲಿ ಕಾಸು ತಗೊಂಡು ಆಡುವ ಆಟಗಾರ ಇದ್ದಾನೆ ಎಂದು ಗೊತ್ತಾದದ್ದೇ ತಡ, ಎರಡೂ ಕಡೆಯವರು ನನ್ನ ಮನೆಗೆ ಮುತ್ತಿಗೆ ಹಾಕಿದರು.

“ಅವನಿಗೆ ಊರಲ್ಲಿ ಹೆಂಡತಿ ಉಂಟು, ಮಗಳು ಉಂಟು. ಅವ ನಮ್ಮ ಟೀಮು,” ಎಂದರು ಮದುವೆಯಾದವರು.

“ಫ್ಯಾಮಿಲಿ ವೀಸಾ ಉಂಟಾ? ಹೆಂಡತಿ ಇಲ್ಲಿ ಉಂಟಾ? ಇಲ್ಲ ತಾನೇ? ಹಾಗಾದ್ರೆ ಬ್ಯಾಚುಲರ್,” ಎಂದ ಬ್ಯಾಚುಲರ್ ತಂಡದ ಕ್ಯಾಪ್ಟನ್. ಗಲ್ಫಿನ ಲೆಕ್ಕವೇ ಹಾಗೆ, ಸಂಸಾರ ಜೊತೆಗಿಲ್ಲದವನೆಲ್ಲ ಬ್ಯಾಚುಲರ್. ಈ ಕ್ಯಾಪ್ಟನ್ನಿಗೇ ಉಡುಪಿಯಲ್ಲಿ ಮೂವರು ಮಕ್ಕಳು.

ಮಾತಿಗೆ ಮಾತು ಬೆಳೆದು, ಸಂಘದ ಹಿರಿಯರು ಬಂದು, ಕೊನೆಗೆ ಅವನು ಅರ್ಧ ಆಟ ಇತ್ತ, ಅರ್ಧ ಆಟ ಅತ್ತ ಎಂದಾಯಿತು. ಆಟ ಸಮ ಆಯಿತು. ನೀನೇ ಮೊದಲೇ ಮಾತಾಡಿಕೊಂಡು ಹೀಗೆ ಮಾಡಿಸಿದ್ದು ಎಂದು ಎರಡೂ ಕಡೆಯವರು ನನ್ನ ಜೊತೆ ಮಾತು ಬಿಟ್ಟರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದ, “ಆಫೀಸ್, ಅವರು ಯಾಕೆ ಜಗಳ ಆಡಿದ್ದು?” ವಿವರಿಸಿದೆ. ಅವನು ಪರ್ಸಿನಿಂದ ಹೆಂಡತಿ ಮಗಳ ಫೋಟೋ ತೆಗೆದು ನೋಡಿ, ಮೆಲ್ಲಗೆ ಹೇಳಿದ:

“ನಾನು ಇಲ್ಲಿ ಬ್ಯಾಚುಲರ್ ಅಂತ ಇವಳಿಗೆ ಹೇಳಬೇಡ.”

ನನಗೊಬ್ಬ ಗೊತ್ತು

ಸೀಸನ್ ಮುಗಿಯುತ್ತಾ ಬಂತು. ಮುದೀರ್ ನನ್ನನ್ನು ಕರೆದು, “ಬಹಳ ಒಳ್ಳೆಯ ಹುಡುಗ. ಖಲಾಸ್,” ಎಂದ. ಅವನು ಡಿಫೆಂಡರ್, ಗೋಲ್ ತಡೆಯುವವನು. ಮುಂದಿನ ವರ್ಷ ಕ್ಲಬ್ಬಿಗೆ ಗೋಲ್ ಹೊಡೆಯುವವನು ಬೇಕಂತೆ. ಈ ಸುದ್ದಿ ಹೇಳುವ ಕೆಲಸವೂ ಟೈಪಿಸ್ಟನದೇ.

ಹೇಳಿದೆ. ಅವನು ನನ್ನ ಮೇಜಿನ ಮುಂದೆ ಕುಸಿದು ಕೂತ. ಅವರ ದೇಶ ಯುದ್ಧದಲ್ಲಿ ಒಡೆದು ಚೂರಾಗಿತ್ತು. ಹೆಂಡತಿ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿತ್ತು. ಅಲ್ಲಿನ ಕ್ಲಬ್ಬುಗಳು ಸಂಬಳ ಕೊಡುವ ಸ್ಥಿತಿಯಲ್ಲಿರಲಿಲ್ಲ. “ವಾಪಸು ಹೋದರೆ ಮಾವನ ಗ್ಯಾರೇಜಿನಲ್ಲಿ ಟಯರ್ ಬಿಚ್ಚಬೇಕು, ಆಫೀಸ್. ಆಟ ಖಲಾಸ್,” ಎಂದ. ಇವನನ್ನು ಬೈದುಕೊಂಡೇ ದಿನ ಕಳೆದಿದ್ದ ನನಗೆ ಆವತ್ತು ನಿಜಕ್ಕೂ ಸಂಕಟವಾಯಿತು.

ಒಂದೇ ದಾರಿ ಇತ್ತು. ಅವನ ಗೆಳೆಯನೊಬ್ಬ ಅಮೇರಿಕದ ಯಾವುದೋ ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದ. ದೊಡ್ಡ ಲೀಗಿನ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು, ಅದರಲ್ಲೂ ಕೊನೆಯ ತಂಡ. ಅಲ್ಲಿ ಒಬ್ಬ ಡಿಫೆಂಡರ್ ಬೇಕಾಗಿದ್ದ. ಇವನ ಆಟದ ವಿಡಿಯೋ ಟೇಪು ಕಳಿಸಿದರೆ ನೋಡುತ್ತೇವೆ ಅಂದಿದ್ದರು. ಟೇಪೇ ಇಲ್ಲ, ಉಳಿದಿರುವುದು ಒಂದೇ ಮ್ಯಾಚು.

“ನನಗೊಬ್ಬ ವಿಡಿಯೋದವನು ಗೊತ್ತು,” ಎಂದೆ. ಬೇಕಿತ್ತಾ ನನಗೆ?

ಫುಲ್ ಕವರೇಜ್

ವಿಡಿಯೋದವನು ನಮ್ಮ ಕಡೆಯವನೇ. ವಾರವಿಡೀ ಸೂಕ್ ವಾಕಿಫ್ ಪೇಟೆಯ ಹತ್ತಿರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ, ರಜೆಯಲ್ಲಿ ಊರಿನವರ ಮದುವೆ, ನಾಮಕರಣ, ಬರ್ತ್‌ಡೇ. “ಮ್ಯಾಚು ತೆಗೆದು ಗೊತ್ತುಂಟಾ?” ಎಂದು ಕೇಳಿದರೆ ಅವನಿಗೆ ಸಿಟ್ಟೇ ಬಂತು. “ಎಂಟುನೂರು ಜನರ ಮದುವೆ ತೆಗ್ದಿದ್ದೇನೆ. ಇದು ಇಪ್ಪತ್ತೆರಡು ಜನ ಅಲ್ವಾ ಮಾರಾಯ್ರೆ? ಆದ್ರೆ ಖಾಲಿ ಹಾಲ್ ತೆಗೀಲಿಕ್ಕೆ ನನ್ನಿಂದ ಆಗೂದಿಲ್ಲ. ಪಬ್ಲಿಕ್ ಬೇಕು.”

ನಮ್ಮ ಕ್ಲಬ್ಬಿನ ಮ್ಯಾಚಿಗೆ ಪಬ್ಲಿಕ್ ಎಂದರೆ ಮುದೀರ್ ಮತ್ತು ಅವನ ಡ್ರೈವರ್. ನಾನು ಮನೆಮನೆಗೆ ಫೋನ್ ಮಾಡಿದೆ. ನನ್ನ ಜೊತೆ ಮಾತು ಬಿಟ್ಟಿದ್ದವರೂ ವಿಡಿಯೋ ಇದೆ ಎಂದ ಕೂಡಲೇ ಬಂದರು. ನಲವತ್ತು ಮಂದಿ. ಹೆಂಗಸರು ಮದುವೆಗೆ ಉಡುವ ಸೀರೆಯಲ್ಲಿ, ಮಕ್ಕಳು ಪೌಡರ್ ಬಳಿದುಕೊಂಡು, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಒಬ್ಬ ಅಜ್ಜಿಯೂ ಸೇರಿ. ಸಮೋಸ, ಚಾ ಫ್ಲಾಸ್ಕುಗಳೂ ಬಂದವು.

ನಾನು ಗೆರೆಯ ಬಳಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಆಟ ಶುರುವಾಯಿತು. ನೋಡಿದರೆ ವಿಡಿಯೋದವನು ಮೈದಾನಕ್ಕೆ ಬೆನ್ನು ಹಾಕಿ, ಹೆಗಲ ಮೇಲೆ ಕ್ಯಾಮೆರಾ, ಕೈಯಲ್ಲಿ ಲೈಟು ಹಿಡಿದುಕೊಂಡು ಮೊದಲ ಸಾಲಿನಿಂದ ಒಬ್ಬೊಬ್ಬರದೇ ಮುಖ ತೆಗೆಯುತ್ತಿದ್ದಾನೆ. ಜನರೂ ಕಮ್ಮಿಯಿಲ್ಲ. ತಮ್ಮದಾದ ಕೂಡಲೇ ಎದ್ದು ಹಿಂದಿನ ಸಾಲಿಗೆ ಹೋಗಿ ಮತ್ತೊಮ್ಮೆ ನಗುತ್ತಾ ಕೂರುತ್ತಿದ್ದರು.

“ಆಟ ತೆಗಿ ಮಾರಾಯಾ!” ಎಂದು ಕಿರುಚಿದೆ.

“ಮೊದ್ಲು ಗೆಸ್ಟು!” ಎಂದು ಅವನೂ ಕಿರುಚಿದ.

ಆಟ ಮುಗಿಯಲು ಇನ್ನೇನು ಸ್ವಲ್ಪ ಇರುವಾಗ ನಮಗೊಂದು ಕಾರ್ನರ್ ಸಿಕ್ಕಿತು. ಇಡೀ ಸೀಸನ್ನಿನಲ್ಲಿ ಒಂದೂ ಗೋಲ್ ಹೊಡೆಯದ ನಮ್ಮವನು ಹಿಂದಿನಿಂದ ಓಡಿ ಬಂದು, ಎಲ್ಲರಿಗಿಂತ ಮೇಲೆ ಹಾರಿ, ತಲೆಯಿಂದ ಗುದ್ದಿ ಚೆಂಡನ್ನು ಬಲೆಗೆ ಹಾಕಿದ. ನಾನು ನೀರಿನ ಬಾಟಲಿ ಎಸೆದು ಕುಣಿದೆ. ಕುಣಿಯುತ್ತಲೇ ತಿರುಗಿ ನೋಡಿದೆ. ಕ್ಯಾಮೆರಾ ಹೆಂಗಸರ ಕಡೆಗಿತ್ತು.

ಆಟ ಮುಗಿದ ಮೇಲೆ ವಿಡಿಯೋದವನ ಕಾಲರ್ ಹಿಡಿಯುವುದೊಂದು ಬಾಕಿ. “ಚೆಂಡು ಎಲ್ಲಿ? ಚೆಂಡನ್ನು ಯಾಕೆ ತೆಗೀಲಿಲ್ಲ?”

ಅವನು ತಾಳ್ಮೆಯಿಂದ ಹೇಳಿದ, “ನೋಡಿ, ಬಂದವರಲ್ಲಿ ಒಬ್ಬರ ಮುಖ ತಪ್ಪಿದ್ರೂ ನಾಳೆ ಜಗಳಕ್ಕೆ ಬರ್ತಾರೆ. ಚೆಂಡಿನ ಮನೆಯವರು ಬರ್ತಾರಾ?”

ಅಮೇರಿಕದ ಫೋನು

ಟೇಪನ್ನು ನಮ್ಮ ಮನೆಯಲ್ಲೇ ಹಾಕಿ ನೋಡಿದೆವು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಮೊದಲಿಗೆ ಗುಲಾಬಿ ಅರಳಿ ಒಳಗಿನಿಂದ ಮುದೀರ್ ಮೂಡಿ ಬಂದ. ಆಮೇಲೆ ಹೃದಯದ ಆಕಾರದೊಳಗೆ ರೆಫರಿ. ಆಮೇಲೆ ಪಬ್ಲಿಕ್, ಪಬ್ಲಿಕ್, ಪಬ್ಲಿಕ್. ನಮ್ಮವನು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಅಜ್ಜಿಯ ಹೆಗಲ ಹಿಂದೆ ಓಡಿ ಹೋದ ಒಂದು ಕಾಲನ್ನು ತೋರಿಸಿ, “ಇದು ನಾನು?” ಎಂದ. ಅಲ್ಲ, ಅದು ಎದುರಾಳಿಯ ಕಾಲು.

ಕೊನೆಗೆ ಗೋಲಿನ ಕ್ಷಣ ಬಂತು. ಗೋಲ್ ಇಲ್ಲ. ಪರದೆ ತುಂಬ ನನ್ನ ಹೆಂಡತಿ! ಎರಡೂ ಕೈ ಎತ್ತಿ ಹಾರಿದ್ದಾಳೆ, ಚೀರುತ್ತಿದ್ದಾಳೆ, ಕಣ್ಣಿನಲ್ಲಿ ನೀರು ಧಾರಾಕಾರ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ಹೆಂಗಸು! ನಮ್ಮವನು ಎದ್ದವನೇ ಅಡುಗೆಮನೆಗೆ ಹೋಗಿ, ಅವಳ ಹಿಟ್ಟಿನ ಕೈ ಹಿಡಿದು ಮುತ್ತಿಟ್ಟು, “ಮೇಡಂ, ನನ್ನ ಗೋಲಿಗೆ ನನ್ನ ತಾಯಿಯೂ ಅತ್ತಿರಲಿಲ್ಲ,” ಎಂದು ತಾನೂ ಅತ್ತ. ಅವಳು ನನ್ನ ಮುಖ ನೋಡಿ, ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಬೇರೆ ಟೇಪು ಇರಲಿಲ್ಲ. ಅದನ್ನೇ ಕಳಿಸಿದೆವು. ನಾನು ಆಸೆ ಬಿಟ್ಟಿದ್ದೆ.

ಕೆಲವು ವಾರಗಳ ಮೇಲೆ ಆಫೀಸಿಗೆ ಅಮೇರಿಕದಿಂದ ಫೋನು. ತಂಡದ ಮಾಲೀಕನೇ ಮಾತಾಡಿದ. “ಟೇಪಿನಲ್ಲಿ ಚೆಂಡು ಕಾಣಲಿಲ್ಲ.”

“ಕ್ಷಮಿಸಿ ಸಾರ್, ಅದು…”

“ಚೆಂಡು ಯಾರಿಗೆ ಬೇಕು? ನನ್ನ ಹತ್ತಿರ ಟೇಪುಗಳ ರಾಶಿಯೇ ಇದೆ. ಎಲ್ಲದರಲ್ಲೂ ಗೋಲು, ಹಿಂದೆ ಖಾಲಿ ಬೆಂಚು. ನನ್ನ ಗ್ರೌಂಡಿಗೂ ಜನ ಬರುವುದಿಲ್ಲ, ತಂಡ ಮುಳುಗುತ್ತಿದೆ. ನಿಮ್ಮಲ್ಲಿ ಒಂದು ಸೀಟೂ ಖಾಲಿಯಿಲ್ಲ. ಹೆಂಗಸರು, ಮಕ್ಕಳು, ಮುದುಕಿಯರು! ಅಷ್ಟೂ ಜನ ಇವನನ್ನು ನೋಡಲು ಬಂದವರೇ?”

“ಇವನಿಗಾಗಿಯೇ ಬಂದದ್ದು ಸಾರ್,” ಎಂದೆ. ಅದರಲ್ಲಿ ಸುಳ್ಳೇನಿದೆ?

“ಆ ಅಳುತ್ತಿದ್ದ ಹೆಂಗಸು?”

“ಅದು ಇವನು ಗೋಲ್ ಹೊಡೆದ ಕ್ಷಣ.”

“ಕಳಿಸು,” ಎಂದ.

ಹೋದ. ಹೆಂಡತಿ ಮಗಳನ್ನೂ ಕರೆಸಿಕೊಂಡ. ಆ ತಂಡ ಒಂದೇ ವರ್ಷಕ್ಕೆ ಮುಚ್ಚಿತು. ಇನ್ನೊಂದು ಊರಿನ ತಂಡ ಸೇರಿದ, ಅದೂ ಮುಚ್ಚಿತು. ಆಮೇಲೆ ಮೂರನೆಯದು, ಚಳಿಗಾಲದಲ್ಲಿ ದೊಡ್ಡ ಹಾಲ್ ಒಳಗೆ ಗೋಡೆಗೆ ಚೆಂಡು ಬಡಿದು ಆಡುವ ತಂಡ. ಊರು ಬದಲಾದಾಗೆಲ್ಲ ನನಗೆ ಫೋನ್ ಮಾಡುತ್ತಿದ್ದ. ಒಮ್ಮೆ ಬಹಳ ಬೇಸರದಲ್ಲಿದ್ದ.

“ಆಫೀಸ್, ಸಂಬಳ ಬರ್ತಿದೆ, ಮಗಳು ಶಾಲೆಗೆ ಹೋಗ್ತಿದ್ದಾಳೆ. ಆದರೆ ಪಬ್ಲಿಕ್ ಮಾಫಿ. ಗೋಲ್ ಆದರೆ ಯಾರೂ ಏಳುವುದೂ ಇಲ್ಲ. ಮೇಡಂ ಹಾಗೆ ಅಳುವವರು ಇಲ್ಲಿ ಒಬ್ಬರೂ ಇಲ್ಲ.”

ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದೆ. ಅವಳು ತಲೆ ಎತ್ತದೆ ಬೀನ್ಸ್ ಮುರಿಯುತ್ತಾ ಹೇಳಿದಳು:

“ಹಿಂದೆ ಕೂತವ ಗೋಲ್ ಅಂತ ಹಾರಿ ಇಡೀ ಫ್ಲಾಸ್ಕಿನ ಬಿಸಿ ಚಾ ನನ್ನ ಬೆನ್ನಿಗೆ ಹೊಯ್ದದ್ದು. ಅಳದೆ ಮತ್ತೆ? ಆ ಹುಡುಗ ಕೈಗೆ ಮುತ್ತು ಕೊಟ್ಟು ಅಳುವಾಗ ಚಾದ ಸುದ್ದಿ ಹೇಳ್ಲಿಕ್ಕೆ ಆಗ್ತದಾ? ಈಗ ಹೇಳಿ ಅವನಿಗೆ, ಅಲ್ಲಿಯೂ ಯಾರಿಗಾದ್ರೂ ಚಾ ಹೊಯ್ದು ನೋಡ್ಲಿ.”